ಇಂಗಿನ ಡಬ್ಬಿಯ ಗುಳಿಗೆ

"ಕೊಡೂದಿಲ್ಲರಿ."

ಗೋಕುಲ ರಸ್ತೆಯ ಮೆಡಿಕಲ್ ಶಾಪಿನ ರಾಜೀವ ನಾಲ್ಕನೆಯ ದಿನವೂ ಅದನ್ನೇ ಹೇಳಿದಾಗ, ಅವನ ಜೇಬಿನ ಪೆನ್ನು ಕಿತ್ತು ರಸ್ತೆಗೆ ಎಸೆಯಬೇಕು ಎನಿಸಿತು ಮಯೂರಿಗೆ.

"ಉಳಿದ ಮೂರು ಅಂಗಡ್ಯಾಗ ಕೊಡ್ತೇವಂದ್ರು. ನಿಮಗಷ್ಟ ಏನಾಗೇತ್ರಿ?"

"ಅವರು ಹೆಂಗಂದ್ರು ಹೇಳ್ಲೇನು?" ರಾಜೀವ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ದನಿ ದಪ್ಪ ಮಾಡಿದ. "'ಏ ತಂಗೀ, ಮಸ್ಕತ್ತಿಂದಾದ್ರೇನು, ಮುಂಡಗೋಡದ್ದಾದ್ರೇನು, ಗುಳಿಗಿ ಅಂದ್ರ ಗುಳಿಗಿ! ನೀರ್ ಕುಡಿ, ನುಂಗು!' ಹೌದಿಲ್ಲೊ?"

ಥೇಟ್ ಮೂಲೆಯಂಗಡಿಯ ಮುದುಕನೇ. ನಗು ಬಂತು. ನಕ್ಕರೆ ಸೋತಂತೆ ಎಂದು ಮಯೂರಿ ತುಟಿ ಕಚ್ಚಿದಳು. ಕಚ್ಚಿದ್ದನ್ನೂ ಅವನು ನೋಡಿಬಿಟ್ಟ. ಅದಕ್ಕೇ ಇನ್ನಷ್ಟು ಸಿಟ್ಟು.

ಮಸ್ಕತ್ತಿನ ಶಾಲೆಯಲ್ಲಿ ಮೂರು ವರ್ಷ ಫಿಸಿಕ್ಸ್ ಕಲಿಸಿದ್ದ ಮಯೂರಿ, ಧಾರವಾಡದ ಕಾಲೇಜಿನಲ್ಲಿ ನೌಕರಿ ಸಿಕ್ಕು ಉಣಕಲ್ಲಿನ ಮನೆಗೆ ಮರಳಿ ತಿಂಗಳಾಗಿತ್ತು. ಬಂದ ವಾರವೇ ತಾಯಿ ಯಂಕವ್ವ ಅವಳ ಗುಳಿಗೆಗಳ ಪೆಟ್ಟಿಗೆ, ಡಾಕ್ಟರ್ ಚೀಟಿ ಎಲ್ಲವನ್ನೂ ಬಚ್ಚಲೊಲೆಗೆ ಹಾಕಿದ್ದಳು. "ನಿನ್ನ ನೋಡಾಕ ಬಂದವರ ಕಣ್ಣಿಗೆ ಬಿದ್ರ ಮುಗೀತು," ಎಂದು ಗುಳಿಗೆಗಳನ್ನು ಮಾತ್ರ ಹಾಳೆಯಿಂದ ಒಂದೊಂದಾಗಿ ಒತ್ತಿ ತೆಗೆದು ಖಾಲಿ ಇಂಗಿನ ಡಬ್ಬಿಗೆ ತುಂಬಿದ್ದಳು. ಫಿಟ್ಸ್ ಎಂಬ ಶಬ್ದಕ್ಕೆ ಆ ಮನೆಯಲ್ಲಿ ಪ್ರವೇಶವಿರಲಿಲ್ಲ.

ಬ್ರ್ಯಾಂಡಿನ ಹೆಸರು ಮಯೂರಿಗೆ ಬಾಯಿಪಾಠ. ಆದರೆ ಆ ಹೆಸರಿನ ಗುಳಿಗೆ ನಮ್ಮ ದೇಶದಲ್ಲಿ ಮಾರುವುದೇ ಇಲ್ಲ.

ಮೊದಲ ದಿನ ರಾಜೀವ ಗುಳಿಗೆಯನ್ನು ಮೂಸಿ ನೋಡಿ, "ಒಗ್ಗರಣಿ ಹಾಕಿ ನುಂಗ್ತಾರೇನ್ರಿ? ಯಾರಿಗಿದು?" ಎಂದಿದ್ದ.

"ನಮ್ಮವ್ವಗ," ಎಂದಿದ್ದಳು. ಸುಳ್ಳು ಅಲ್ಲಿಂದ ಶುರು.

ಎರಡನೆಯ ದಿನ ಅವನ ಮುಖ ಅರಳಿತ್ತು. "ಇದರಾಗಿನ ಸಾಲ್ಟ್, ಅಂದ್ರ ಒಳಗಿನ ಮದ್ದು, ಯಾವುದಂತ ಸಿಕ್ತು! ಉಪ್ಪಿನಬೆಟಗೇರಿಯಾಂವ ನಾನು, ಸಾಲ್ಟ್ ತಪ್ಪೂದಿಲ್ಲ. ಆದ್ರ ಅದರಾಗ ಎರಡು ನಮೂನಿ ಅದಾವ. ಒಂದು ಲಗೂನ ಕರಗತೈತಿ, ಇನ್ನೊಂದು ದಿನಪೂರ್ತಿ ನಿಧಾನಕ್ಕ. ಅದಲುಬದಲಾದ್ರ ನಿಮ್ಮವ್ವ ಬೀಳ್ತಾರ."

ಅವಳು ಗುಟ್ಟಾಗಿ ಹೋಗಿ ಕಂಡಿದ್ದ ಡಾಕ್ಟರೂ ಅದನ್ನೇ ಕೇಳಿದ್ದರು: ಹಳೆಯದು ಯಾವ ನಮೂನೆ, ಖಾತ್ರಿ ಮಾಡಿಕೊಂಡು ಬಾ. ಮಸ್ಕತ್ತಿನ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಒಂದು ಒತ್ತು, ಎರಡು ಒತ್ತು ಎನ್ನುವ ಯಂತ್ರ. ಒತ್ತಿ ಒತ್ತಿ ಉಗುರು ಸವೆದರೂ ಮನುಷ್ಯರ ದನಿ ಬರಲಿಲ್ಲ. ಡಬ್ಬಿಯಲ್ಲಿ ಉಳಿದದ್ದು ಐದು ಗುಳಿಗೆ. ಅವು ಮುಗಿದ ಮೇಲೆ ಯಾವ ದಿನವಾದರೂ, ಎಂಬತ್ತು ಹುಡುಗರ ಮುಂದೆ, ಕೈಯಲ್ಲಿ ಚಾಕ್ ಹಿಡಿದೇ ಬೀಳಬಹುದು.

"ನನ್ನ ಗೆಳೆಯಾ ಇಸ್ತಿಯಾಕ ಮಸ್ಕತ್ತಿನ್ಯಾಗ ಫಾರ್ಮಸಿಸ್ಟ್ ಅದಾನಲ್ಲ," ರಾಜೀವ ಈಗ ಮಿಮಿಕ್ರಿ ನಿಲ್ಲಿಸಿದ್ದ. "ನಿಮ್ಮವ್ವನ ದಾಖಲೆ ನೋಡಾಕ ನೀವು ಬರಕೊಟ್ಟ ಒಪ್ಪಿಗಿ ಚೀಟಿಯ ಫೋಟೋ ಹಿಡಕೊಂಡು ನಿನ್ನೆ ಆ ಕ್ಲಿನಿಕ್ಕಿಗೇ ಹೋಗಿದ್ದ. ಯಂಕವ್ವ ಅನ್ನೂ ಪೇಷಂಟ್ ಅಲ್ಲಿ ಯಾರೂ ಇಲ್ಲಂತ್ರಿ."

"ಬರೋಬ್ಬರಿ ನೋಡಿರಾಕಿಲ್ಲ."

"ಎರಡು ಸರ್ತಿ ನೋಡ್ಯಾರ. ದಿನಾ ಹಿಂಗs ಹೋಗಾಕತ್ತಾವ. ನಾನು ಊಟಾ ಬಿಟ್ಟು ಹುಡುಕಾಕತ್ತೇನಿ, ನೀವು ಏನೋ ಮುಚ್ಚಿಡಾಕತ್ತೀರಿ."

ಮಯೂರಿ ಅವನ ಜೇಬಿನ ಪೆನ್ನು ಕಿತ್ತೇ ಕಿತ್ತಳು. ಎಸೆಯಲಿಲ್ಲ. ಕೌಂಟರ್ ಮೇಲಿದ್ದ ಒಪ್ಪಿಗೆ ಚೀಟಿಯಲ್ಲಿ ತಾಯಿಯ ಹೆಸರಿಗೆ ಗೀಟು ಹಾಕಿ ತನ್ನ ಹೆಸರು ಬರೆದಳು.

"ಬೀಳಾಕಿ ನಾನು. ನಮ್ಮವ್ವ ಅಲ್ಲ. ಹೂಂ, ಈಗ ನೀವೂ ಒಂದು ಹೆಜ್ಜಿ ಹಿಂದ ಸರೀರಿ. ಗೊತ್ತಾದವರೆಲ್ಲಾ ಸರೀತಾರ."

ಅವನು ಹಿಂದೆ ಸರಿಯಲಿಲ್ಲ. ಕೌಂಟರಿನ ಪಕ್ಕದ ಹಲಗೆ ಎತ್ತಿ ಹೊರಬಂದು, ತನ್ನ ಸ್ಟೂಲನ್ನೇ ಅವಳ ಮುಂದಿಟ್ಟ.

"ಮೊದಲ ಕುಂಡ್ರಿ. ನಾಲ್ಕು ದಿನದಿಂದ ಒಬ್ಬಾಕೀನs ಈ ಗುಟ್ಟು ಹೊತ್ಕೊಂಡು ತಿರಗಾಕತ್ತೀರಿ."

ದನಿ ಮೆತ್ತಗಿತ್ತು. ಮಯೂರಿ ಗುಮಾನಿಯಿಂದ ನೋಡಿದಳು. "ಇದು ಯಾರ ದನೀರಿ?"

"ನಂದs. ಬಳಸೂದು ಕಡಿಮಿ."

ಅದಾದ ಮೂರನೆಯ ದಿನಕ್ಕೆ ಇಸ್ತಿಯಾಕನ ಉತ್ತರ ಬಂತು: ನಿಧಾನಕ್ಕೆ ಕರಗುವ ನಮೂನೆ. ಡಾಕ್ಟರ್ ಅದಕ್ಕೆ ಸರಿಸಮನಾದ ಇಲ್ಲಿಯ ಗುಳಿಗೆ ಬರೆದುಕೊಟ್ಟರು. ರಾಜೀವ ಪೆಟ್ಟಿಗೆಯನ್ನು ಕೌಂಟರ್ ಮೇಲಿಟ್ಟಾಗ ಇಂಗಿನ ಡಬ್ಬಿಯಲ್ಲಿ ಎರಡೇ ಉಳಿದಿದ್ದವು.

ಮಯೂರಿ ಗುಳಿಗೆಯ ಹಾಳೆಗಳನ್ನಷ್ಟೇ ಹೊರಗೆಳೆದು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟಳು. ರಾಜೀವ ಪೆಟ್ಟಿಗೆಯನ್ನು ಬೆರಳಿಂದ ಮೆಲ್ಲಗೆ ಅವಳತ್ತ ತಳ್ಳಿದ.

"ಹೆಸರಿನ ಸಮೇತ ಒಯ್ಯಿರಿ. ಮತ್ತ, ಭಾನುವಾರ ನಿಮ್ಮನ್ನ ನೋಡಾಕ ಒಬ್ಬಾಂವ ಬರ್ತಾನಂತ ಅವ್ವಗ ಹೇಳ್ರಿ."

"ಯಾರು?"

"ನಾಲ್ಕು ದಿನ ಕೊಡೂದಿಲ್ಲ ಅಂದಾಂವ."

ಅವಳ ಕಿವಿ ಬಿಸಿಯಾಯಿತು. ಕನ್ನಡಕವಿಲ್ಲದ ಮೂಗಿನ ಮೇಲೆ ಇಲ್ಲದ ಕನ್ನಡಕ ಜಾರಿಸಿ, ಅವನದೇ ದನಿಯಲ್ಲಿ, "ಹೂಂ ಅನ್ನೂದಿಲ್ಲರಿ," ಎಂದಳು. ಎಂದು, ಈ ಸಲ ತುಟಿ ಕಚ್ಚದೆ ನಕ್ಕಳು.

ಭಾನುವಾರ ಅಡುಗೆಮನೆಯಲ್ಲಿ, ಟ್ರೇಯ ಅವಲಕ್ಕಿ ತಟ್ಟೆಗಳ ನಡುವೆ ಗುಳಿಗೆಯ ಪೆಟ್ಟಿಗೆ ಕಂಡು ಯಂಕವ್ವ ಅದರ ಮೇಲೆ ಸೆರಗು ಎಳೆದಳು. ಕೈ ಇಂಗಿನ ಡಬ್ಬಿಗೆ ಹೋಯಿತು. "ಹುಚ್ಚೀ! ಅದನ್ನ ಬಂದವರ ಮುಂದ ಇಡ್ತಾರೇನ?"

"ಬಂದವರs ಕೊಟ್ಟದ್ದು, ಯವ್ವಾ," ಮಯೂರಿ ಟ್ರೇ ಎತ್ತಿಕೊಂಡಳು. "ಆ ಡಬ್ಬ್ಯಾಗ ಇನ್ಮ್ಯಾಲೆ ಇಂಗs ಇರ್ಲಿ."