ಹೊಗೆಯ ವಿಳಾಸ

ಶುಕ್ರವಾರ ಬೆಳಿಗ್ಗೆ ಠಾಣೆಗೆ ಬಂದ ಯುವತಿಯ ಬಟ್ಟೆಯಲ್ಲಿ ಇನ್ನೂ ಹೊಗೆಯ ವಾಸನೆಯಿತ್ತು. ಹಿಂದಿನ ಮಧ್ಯಾಹ್ನ ಊರಿನ ಲಾಡ್ಜೊಂದರ ನೆಲಮಹಡಿಯ ಬಟ್ಟೆ ಕೋಣೆಗೆ ಬೆಂಕಿ ಬಿದ್ದಿತ್ತು. ಅಲ್ಲಿ ಇಸ್ತ್ರಿ ಮಾಡುತ್ತಿದ್ದ ಅವಳ ತಾಯಿ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ್ದಳು.

"ಅಲಾರಂ ಹೊಡ್ಕೊಂಡಿದೆ ಮೇಡಂ. ಕಾವಲುಗಾರ ಅಮ್ಮನ ಬಾಗಿಲ ಮುಂದೇನೇ ಹಾದು ಮಹಡಿ ಹತ್ತಿದಾನೆ! ಅವನನ್ನ ಒಳಗೆ ಹಾಕಿ."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಆರೋಪಿ, ವೃದ್ಧ ಕಾವಲುಗಾರ. ಆ ತಾಯಿ ಉಳಿಯದಿದ್ದರೆ ಅವನಿಗೆ ಜೈಲು ಖಚಿತ.

"ಎಲ್ಲಿಗೆ ಓಡಿದ್ರಿ?" ಎಂದು ಅವನನ್ನು ಕೇಳಿದರು.

"ಐದನೇ ಮಹಡಿ ಲಿಫ್ಟ್ ಕೋಣೆಗೆ, ತಾಯಿ. ಅಲಾರಂ ಪ್ಯಾನೆಲ್‌ನಲ್ಲಿ ಆ ಹೆಸರೇ ಬಂತು."

"ಅಲ್ಲಿ ಬೆಂಕಿ ಇತ್ತಾ?"

"ಬೆಂಕಿ ಕಡ್ಡಿನೂ ಇರ್ಲಿಲ್ಲ."

ಅಲಾರಂ ನೋಡಿಕೊಳ್ಳುವ ತಂತ್ರಜ್ಞ ಆ ಮುದುಕನ ಸ್ವಂತ ಅಳಿಯ, ಮಗಳ ಗಂಡ. ಅವನ ಮಾತಿನಲ್ಲಿ ಕನಿಕರ ತುಂಬಿ ತುಳುಕುತ್ತಿತ್ತು.

"ಸೂರಲ್ಲಿರೋ ಒಂದೊಂದು ಹೊಗೆ ಡಿಟೆಕ್ಟರ್ ಒಳಗೂ ಒಂದೊಂದು ಅಡ್ರೆಸ್ ಇದೆ ಮೇಡಂ. ಎಲ್ಲಾ ಒಂದೇ ತಂತಿ ಲೂಪ್‌ಗೆ ಪೋಣಿಸಿರೋದು. ಯಾವುದಕ್ಕೆ ಹೊಗೆ ತಾಗತ್ತೋ ಆ ಕೋಣೆ ಹೆಸರು ಬರತ್ತೆ. ಪ್ಯಾನೆಲ್ ಸುಳ್ಳು ಹೇಳಲ್ಲ. ಮಾವಂಗೆ ಕಣ್ಣು ಮಂಜು, ಪಾಪ."

"ಪ್ಯಾನೆಲ್‌ನ ಮೆಮೊರಿ?"

"ಅಳಿಸಿಹೋಗಿದೆ."

"ಅಳಿಸಿಹೋಯ್ತಾ, ಅಳಿಸಿದ್ರಾ?"

ಅಳಿಯ ಗಡಿಯಾರ ನೋಡಿಕೊಂಡು ಎದ್ದ. ಠಾಣೆಯವರೆಲ್ಲ 'ಗಿಣಿ' ಎಂದು ಕರೆಯುವ ಕಾನ್‌ಸ್ಟೇಬಲ್, ಅಳಿಯ ಹೊರಗೆ ಹೋದದ್ದೇ ತಡ, ಅವನದೇ ದನಿಯಲ್ಲಿ "ಪಾಪ" ಎಂದ. ಇನ್ಸ್‌ಪೆಕ್ಟರ್ ನಗಲಿಲ್ಲ.

ಬಟ್ಟೆ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಗೋಡೆ, ಸೂರು, ಇಸ್ತ್ರಿ ಮೇಜು ಎಲ್ಲ ಕಪ್ಪು. ಗಿಣಿ ತಲೆಯೆತ್ತಿದ.

"ಮೇಡಂ, ಇಡೀ ಕೋಣೆ ಮಸಿ ಬಳ್ಕೊಂಡಿದೆ. ಆ ಡಿಟೆಕ್ಟರ್ ಒಂದೇ ಮದುವೆಗೆ ಹೊರಟ ಹಾಗೆ ಬೆಳ್ಳಗಿದೆ."

ಇನ್ಸ್‌ಪೆಕ್ಟರ್ ಅದನ್ನೇ ದಿಟ್ಟಿಸಿದರು. ಆಮೇಲೆ ಮುದುಕ ಓಡಿದ್ದ ಮೆಟ್ಟಿಲುಗಳನ್ನೇ ಹತ್ತಿದರು. ಲಿಫ್ಟ್ ಕೋಣೆಯ ಸುಣ್ಣದ ಗೋಡೆಯಲ್ಲಿ ಒಂದು ಕಲೆಯೂ ಇರಲಿಲ್ಲ. ಸೂರಿನಲ್ಲಿದ್ದ ಡಿಟೆಕ್ಟರ್ ಮಾತ್ರ ಕಾವಲಿಯ ತಳದಂತೆ ಕಪ್ಪಗಿತ್ತು.

ಅಳಿಯನನ್ನು ಮೇಲಕ್ಕೆ ಕರೆಸಲಾಯಿತು.

"ಬಿಚ್ಚಿ. ಅಡ್ರೆಸ್ ಓದಿ."

ಅವನು ತಿರುಗಿಸಿ ತೆಗೆದ. ಬೆರಳಿಗೆ ಮಸಿ ಮೆತ್ತಿಕೊಂಡಿತು. "ಸರಿಯಾಗೇ ಇದೆ. ಲಿಫ್ಟ್ ಕೋಣೆದೇ."

"ಹಾಗಾದ್ರೆ ಲಿಫ್ಟ್ ಕೋಣೆದು ಕೆಳಗೆ ಹೋಗಿ ಹೊಗೆ ಕುಡ್ಕೊಂಡು ಬಂತಾ?"

ಅವನು ಡಿಟೆಕ್ಟರ್ ಕೆಳಗಿಟ್ಟು ಎಲ್ಲ ಒಪ್ಪಿಕೊಂಡ.

ಹಿಂದಿನ ವಾರ ಎಲ್ಲ ಡಿಟೆಕ್ಟರ್‌ಗಳನ್ನೂ ಬಿಚ್ಚಿ ಒಂದೇ ಬುಟ್ಟಿಗೆ ಹಾಕಿ ಧೂಳು ತೆಗೆದಿದ್ದ. ಮತ್ತೆ ಕೂರಿಸುವಾಗ ಬಟ್ಟೆ ಕೋಣೆಯದೂ ಲಿಫ್ಟ್ ಕೋಣೆಯದೂ ಅದಲುಬದಲಾದವು. ಎರಡೂ ಲೂಪ್‌ನಲ್ಲಿ ಇದ್ದುದರಿಂದ ಪ್ಯಾನೆಲ್ ತಕರಾರು ತೆಗೆಯಲಿಲ್ಲ. ಒಂದೊಂದಕ್ಕೂ ಹೊಗೆ ಹಿಡಿದು ಪರೀಕ್ಷಿಸಿದ್ದರೆ ಗೊತ್ತಾಗುತ್ತಿತ್ತು. ಗಂಟೆ ಹೊಡೆದರೆ ಗಿರಾಕಿಗಳು ಬೈಯುತ್ತಾರೆಂದು ಬಿಟ್ಟಿದ್ದ. ಬೆಂಕಿ ಆರಿದ ಮೇಲೆ, ಪೊಲೀಸರು ಬರುವ ಮೊದಲೇ ಅವಸರದಲ್ಲಿ ಎರಡನ್ನೂ ಅವುಗಳ ಜಾಗಕ್ಕೆ ಹಾಕಿ ಮೆಮೊರಿ ಅಳಿಸಿದ್ದ. ಮಸಿ ಒರೆಸುವುದು ಮಾತ್ರ ಹೊಳೆಯಲಿಲ್ಲ.

"ಮಾವನ ಮೇಲೆ ಯಾಕೆ ಹಾಕಿದ್ರಿ?"

"ಲೈಸೆನ್ಸ್ ಹೋದ್ರೆ ಮನೆ ನಡೆಯಲ್ಲ ಮೇಡಂ. ಅವರು ಹೇಗೂ ಕೆಲಸ ಬಿಡೋ ವಯಸ್ಸು. ಮುದುಕರನ್ನ ಬೈದು ಬಿಟ್ಟುಬಿಡ್ತಾರೆ ಅಂದ್ಕೊಂಡೆ."

ಸಂಜೆ ಅವನನ್ನು ಬಂಧಿಸಲಾಯಿತು. ಠಾಣೆಯ ಬೆಂಚಿನ ಮೇಲಿದ್ದ ಮುದುಕನಿಗೆ ಇನ್ಸ್‌ಪೆಕ್ಟರ್ ಮನೆಗೆ ಹೋಗಲು ಹೇಳಿದರು.

"ಆಸ್ಪತ್ರೇಲಿರೋ ಆ ಹೆಣ್ಣುಮಗಳು?"

"ಕಣ್ಣು ಬಿಟ್ಟಿದಾರಂತೆ."

ಅವನು ಎದ್ದು, ಬಾಗಿಲವರೆಗೆ ಹೋಗಿ ನಿಂತ.

"ಮನೇಲಿ ನನ್ನ ಮಗಳು ಕೇಳ್ತಾಳಲ್ಲ ತಾಯಿ, 'ಅಪ್ಪ, ಅವರೆಲ್ಲಿ' ಅಂತ. ಏನ್ ಹೇಳ್ಲಿ?"