ಬೆಳಗಿನ ಪಾಳಿಯ ಸಿಡುಕಿ

ಪ್ರೀತಿಯ ಕಥೆ ಹೇಳುವಷ್ಟು ಅನುಭವ ನನಗಿಲ್ಲ. ಕಂಪ್ಯೂಟರಿನ ವಿಷಯದಲ್ಲಂತೂ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೇ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ... ಹೇಳದೆ ಇರಲಾಗಲಿಲ್ಲ.

"ಎರಡು ಗಂಟೆಯವರು ನೀವೇನಾ?"

ಒಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತ. ಕೈಯಲ್ಲಿ ಹೆಲ್ಮೆಟ್, ಮುಖದಲ್ಲಿ ಗಾಬರಿ.

"ಹೌದು... ನೀವು ಬೆಳಗಿನ..."

"ಸಿಡುಕಿ! ಹೇಳಿ, ಹೇಳಿ! ಈಗ ಡಾಕ್ಟರಮ್ಮನಿಗೂ ಗೊತ್ತಾಗಿದೆ!"

ಅವಳು ಒಂದು ಹಾಳೆಯನ್ನು ಅವನ ಮೂಗಿಗೇ ಹಿಡಿದಳು.

ರಕ್ತ ಪರೀಕ್ಷೆಯ ಆ ಲ್ಯಾಬಿನಲ್ಲಿ ವರದಿ ಟೈಪ್ ಮಾಡಲು ಇದ್ದದ್ದು ಒಂದೇ ಕಂಪ್ಯೂಟರ್. ಒಂದು ಗಂಟೆಯವರೆಗೆ ಅವಳದು, ಎರಡರ ನಂತರ ಅವನದು. ಏಳು ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಜಗಳಕ್ಕೆ ಮಾತ್ರ ಒಂದು ದಿನವೂ ರಜೆ ಇರಲಿಲ್ಲ!

ಅವನಿಗೆ ಹೊಸ ಹೊಸ ಸಾಫ್ಟ್‌ವೇರ್‌ಗಳ ಹುಚ್ಚು. ಒಂದು ದಿನ ಪರದೆಗೆ ಕಾಮಾಲೆ ಬಂದಂತೆ ಹಳದಿ ಬಣ್ಣ. ಕಣ್ಣಿಗೆ ತಂಪಂತೆ! ಇನ್ನೊಂದು ದಿನ ಬ್ರೌಸರೇ ಬದಲಾಗಿತ್ತು. ಅವಳಿಗೋ, ಸಾದಾ ನೋಟ್‌ಪ್ಯಾಡ್ ಒಂದಿದ್ದರೆ ಸಾಕು. ಅದರಲ್ಲೇ ಬೈಗುಳ ಬರೆದಿಟ್ಟು ಹೋಗುತ್ತಿದ್ದಳು. ಮರುದಿನ ಕೆಳಗೆ ಅವನ ಉತ್ತರ ಇರುತ್ತಿತ್ತು.

'ಬೆಳಗಿನ ಪಾಳಿಯ ಸಿಡುಕಿ, ಹಾಡಿನ ಪ್ಲೇಯರ್ ಯಾಕ್ರೀ ತೆಗೆದ್ರಿ?'

'ವರದಿ ತಪ್ಪಾದ್ರೆ ನಿಮ್ಮ ಹಾಡು ಬಂದು ತಿದ್ದತ್ತಾ?'

ಈ ಸಲದ್ದು ಮಾತ್ರ ಎಲ್ಲ ಮಿತಿ ಮೀರಿತ್ತು. ಎರಡಕ್ಷರ ಒತ್ತಿದರೆ ಇಡೀ ಸಾಲು ತಾನೇ ಬರೆಯುವ ಸಾಫ್ಟ್‌ವೇರ್ ಒಂದನ್ನು ಅವನು ಹಾಕಿದ್ದ. ಅವಳಿಗೆ ಅದು ಗೊತ್ತಿರಲಿಲ್ಲ.

ಲ್ಯಾಬಿನಲ್ಲಿ ಒಂದೇ ಒಂದು ಕಾಯಂ ಹುದ್ದೆ ಖಾಲಿಯಾಗಿತ್ತು. ಅವಳು ಮೂರು ವರ್ಷದಿಂದ ಕಾದಿದ್ದ ಹುದ್ದೆ! ಅರ್ಜಿಯ ಕೊನೆಯಲ್ಲಿ 'ಬೆಳಗಿನ ಪಾಳಿ' ಎನ್ನಲು ಚುಟುಕಾಗಿ 'ಬೆಪಾ' ಎಂದು ಒತ್ತಿ, ತಿರುಗಿ ನೋಡದೆ ಕಳಿಸಿಬಿಟ್ಟಿದ್ದಳು.

'ಇಂತಿ ತಮ್ಮ ವಿಧೇಯ, ಬೆಳಗಿನ ಪಾಳಿಯ ಸಿಡುಕಿ.'

"ಕಾಯಂ ಕೆಲಸ ಕೇಳೋ ರೀತಿನಾ ಇದು?" ಎಂದು ಲ್ಯಾಬ್ ನಡೆಸುವ ಡಾಕ್ಟರಮ್ಮ ಅದರ ಪ್ರತಿಯನ್ನು ಅವಳ ಕೈಗೇ ಕೊಟ್ಟಿದ್ದರು.

"ನಿಮಗೂ ಅದೇ ಕೆಲಸದ ಮೇಲೆ ಕಣ್ಣು. ಅದಕ್ಕೇ ಈ ಗುಂಡಿ ತೋಡಿದ್ರಿ, ಅಲ್ವಾ?" ಅವಳ ದನಿ ಒಡೆಯಿತು. ಛೆ, ಇವನ ಮುಂದೆ ಅಳಬಾರದು...!

"ಅಯ್ಯೋ, ಇಲ್ಲಾ ರೀ! ದಿನಾ ನಿಮಗೆ ಬರೀತೀನಲ್ಲ... ಸುಲಭ ಆಗ್ಲಿ ಅಂತ ಆ ಹೆಸರು ಸೇರಿಸಿದ್ದೆ. ಬನ್ನಿ!"

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಡಾಕ್ಟರಮ್ಮನ ಕೋಣೆಯೊಳಗಿದ್ದ.

"ಡಾಕ್ಟ್ರೇ, ಆ ಹೆಸರು ಕಂಪ್ಯೂಟರಿಗೆ ಕಲಿಸಿದ್ದು ನಾನು. ಇವರದ್ದೇನೂ ತಪ್ಪಿಲ್ಲ."

ಡಾಕ್ಟರಮ್ಮ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. "ಐದು ಗಂಟೆವರೆಗೂ ಟೈಮಿದೆ, ತಿದ್ದಿ ಕಳಿಸಮ್ಮ. ಅದ್ಸರಿ, ನಿನ್ನ ಅರ್ಜಿ ಎಲ್ಲಪ್ಪಾ? ಬಂದೇ ಇಲ್ವಲ್ಲ?"

ಅವನು ನೆಲ ನೋಡಿದ. ಅವಳು ಅವನನ್ನು ನೋಡಿದಳು.

"ಯಾಕೆ ಹಾಕ್ಲಿಲ್ಲ?" ಹೊರಗೆ ಬರುತ್ತಲೇ ಕೇಳಿದಳು.

"ನನಗೆ ಸಿಕ್ಕಿದ್ರೆ ನೀವು ಬಿಟ್ಟು ಹೋಗ್ತೀರಿ."

"ಹೋದ್ರೆ ನಿಮಗೇನು?"

"ನೋಟ್‌ಪ್ಯಾಡ್ ಖಾಲಿ ಇರತ್ತಲ್ಲ..." ಅವನ ಕಿವಿಗಳು ಕೆಂಪಾದವು. "ಬೈಸ್ಕೊಳ್ಳೋಕೆ ಯಾರಾದ್ರೂ ಕಾಯ್ತಾರಾ? ನಾನು ದಿನಾ ಕಾಯ್ತೀನಿ ರೀ."

ಅವಳು ಕಂಪ್ಯೂಟರಿನ ಕಡೆ ನೋಡಿದಳು. ತಾನು ಮಾತ್ರ ಏನು? ಬೆಳಗ್ಗೆ ಬ್ಯಾಗ್ ಇಳಿಸುವ ಮೊದಲೇ ಆ ಫೈಲ್ ತೆರೆಯುವವಳು! ಅದು ನೆನಪಾಗಿ ಸಿಟ್ಟು ಇನ್ನಷ್ಟು ಏರಿತು.

"ಕೂತ್ಕೊಳ್ಳಿ! ಮೊದಲು ನಿಮ್ಮ ಅರ್ಜಿ. ಬಿಟ್ಟುಕೊಟ್ಟ ಕೆಲಸ ನನಗೆ ಬೇಡ. ಗೆದ್ದು ತಗೋತೀನಿ."

"ಮತ್ತೆ... ನನ್ನ?"

"ನಿಮ್ಮನ್ನ ಗೆಲ್ಲೋದೇನಿದೆ? ಆಗಲೇ ಸೋತು ಕೂತಿದ್ದೀರಲ್ಲ!"

"ನೀವು?"

ಅವಳು ಕಿಟಕಿಯ ಕಡೆ ತಿರುಗಿದಳು.

"ನಾನೂ... ಇಲ್ಲದಿದ್ರೆ ಇಷ್ಟು ಸಿಟ್ಟು ಯಾಕ್ರೀ ಬರತ್ತೆ? ನಗಬೇಡಿ. ಟೈಪ್ ಮಾಡಿ!"

ಐದಕ್ಕೆ ಮೊದಲೇ ಎರಡು ಅರ್ಜಿಗಳೂ ಹೋದವು. ಕೆಲಸ ಯಾರಿಗೆ ಸಿಕ್ಕಿತೆಂದು ಕೇಳಬೇಡಿ. ನಿಜವಾಗಿಯೂ ನನಗೆ ಗೊತ್ತಿಲ್ಲ.