ಎಡಗೈಯ ಚೇಳು

ಜಿಲ್ಲೆಯ ಚರಿತ್ರೆಯಲ್ಲಿ ದಾಖಲಾಗಬೇಕಾದ ಒಂದು ಮಹತ್ವದ ಪ್ರಶ್ನೆ ಆ ಮಾಗಿಯಲ್ಲಿ ಚಿಂತಾಮಣಿಯ ಲಾವಣ್ಯಳ ಮುಂದೆ ಬಂದು ನಿಂತಿತ್ತು: ಎಡಗೈ ಮೇಲಿನ ಹಳೇ ಚೇಳಿನ ಹಚ್ಚೆಯನ್ನು ಮುಚ್ಚಲು ನವಿಲುಗರಿ ಒಳ್ಳೆಯದೋ, ತಾವರೆ ಒಳ್ಳೆಯದೋ. ದೀರ್ಘ ಆಲೋಚನೆಯ ನಂತರ ನವಿಲುಗರಿ ಗೆದ್ದಿತು. ಟ್ಯಾಟೂ ಅಂಗಡಿಯವನು ಮಾತ್ರ ಚೇಳನ್ನು ನೋಡಿ ತಲೆಯಾಡಿಸಿದ. ಇಷ್ಟು ಕಪ್ಪಿನ ಮೇಲೆ ಬರೆದರೆ ಅದು ಕಾಗೆಯ ಪುಕ್ಕವಾಗುತ್ತದೆ, ಮೊದಲು ಲೇಸರ್ ಹೊಡೆಸಿ ಮಸುಕು ಮಾಡಿಸಿಕೊಂಡು ಬನ್ನಿ ಎಂದ.

ಇದನ್ನು ಕೇಳಿ ಪೆದ್ದಮ್ಮ ವರಲಕ್ಷ್ಮಮ್ಮನ ಮಡಿಲಿನಿಂದ ಅವರೆಕಾಯಿಯ ಮೊರ ಜಾರಿಬಿತ್ತು.

"ವದ್ದು ತಲ್ಲೀ, ಬೇಡ. ಅದು ಕಟ್ಟಿರೋದು ಕಣೇ. ಬಿಚ್ಚಬಾರ್ದು."

"ಚೇ... ಚೇಳು ಎದ್ದು ಕ... ಕಚ್ಚತ್ತಾ ಪೆದ್ದಮ್ಮ?" ಲಾವಣ್ಯ ನಕ್ಕಳು.

ಪೆದ್ದಮ್ಮ ನಗಲಿಲ್ಲ. ತಾಯಿ ಸತ್ತ ಮೇಲೆ ಲಾವಣ್ಯಳನ್ನು ಸಾಕಿದವಳು ತಾಯಿಯ ಅಕ್ಕನಾದ ಈಕೆಯೇ. ಐದನೇ ವಯಸ್ಸಿನಲ್ಲಿ, ದೃಷ್ಟಿ ತಾಗಬಾರದೆಂದು ಹೇಳಿ ಆ ಹಚ್ಚೆ ಹಾಕಿಸಿದವಳೂ ಈಕೆಯೇ. ಸ್ವಂತ ಮಗಳು ತನುಜಳಿಗೆ ಹಾಕಿಸಿರಲಿಲ್ಲ. ಹೆತ್ತ ಮಗಳಿಗಿಂತ ತಂಗಿಯ ಮಗಳ ಮೇಲೆ ಪ್ರಾಣ ಎಂದು ಬೀದಿಯೇ ಹೊಗಳಿತ್ತು.

ಲಾವಣ್ಯಳಿಗೆ ತೊದಲು ಶುರುವಾದದ್ದೂ ಅದೇ ವಯಸ್ಸಿನಲ್ಲಿ. ಅದಕ್ಕೂ ಚೇಳಿಗೂ ಗಂಟು ಹಾಕುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಬಾಯಿ ಬೇಡದ ಕೆಲಸ ಹುಡುಕಿಕೊಂಡು ಅವಳು ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಜೋಡಿಸುತ್ತಿದ್ದಳು. ಗೌರಿಬಿದನೂರಿಗೆ ಮದುವೆಯಾಗಿ ಹೋಗಿದ್ದ ತನುಜಳಿಗೆ ಬಾಯೇ ಕೆಲಸ. ಮದುವೆ ಛತ್ರಗಳಲ್ಲಿ ನಿರೂಪಣೆಗೆ ಮೈಕು ಹಿಡಿದರೆ ಕೊನೆಯ ಪಂಕ್ತಿ ಏಳುವವರೆಗೂ ಬಿಡುತ್ತಿರಲಿಲ್ಲ.

ಚಿಕ್ಕಬಳ್ಳಾಪುರದ ಕ್ಲಿನಿಕ್ಕಿನಲ್ಲಿ ಕಪ್ಪು ಕನ್ನಡಕ ಹಾಕಿ ಕೂರಿಸಿದರು. ಚಟ್, ಚಟ್, ಕಾದ ಎಣ್ಣೆ ಸಿಡಿದಂಥ ಸದ್ದು. ಸುಟ್ಟ ಕೂದಲಿನ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಆಗತಾನೇ ಆರಿಸಿದ ಹರಳೆಣ್ಣೆ ದೀಪದ್ದು. ಡಾಕ್ಟರು ಮೂಗು ಸಿಂಡರಿಸಿ ಮಿಷಿನ್ನನ್ನು ಅನುಮಾನದಿಂದ ನೋಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಬಂದ. ಎಂದಿನಂತೆ ಊರ ಹೆಸರನ್ನು ಮೊಬೈಲಿನಲ್ಲಿ ತೋರಿಸಲು ಹೊರಟಳು. ಬಾಯಿ ಮುಂದಾಯಿತು.

"ಚಿಂತಾಮಣಿ ಒಂದು ಕೊಡಿ."

ಎಲ್ಲೂ ತಡೆಯಲಿಲ್ಲ. ಕಣ್ಣಲ್ಲಿ ನೀರು ಬಂತು. ಶಿಡ್ಲಘಟ್ಟ ದಾಟುವವರೆಗೂ ಅಂಗಡಿಗಳ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಿಕೊಂಡು ಬಂದಳು. ಪಕ್ಕದ ಹೆಂಗಸು ಮೆಲ್ಲಗೆ ಎದ್ದು ಬೇರೆ ಸೀಟಿಗೆ ಹೋದಳು.

ತಿಂಗಳು ಕಳೆದು ಎರಡನೇ ಸಲ ಹೊಡೆಸಿಕೊಂಡಾಗ ಚೇಳು ಬರೀ ನೆರಳಾಯಿತು. ಅವತ್ತು ಲಾವಣ್ಯ ಸೊಪ್ಪಿನವಳ ಜೊತೆ ಜಗಳವಾಡಿದಳು. ಕಾರಣವಿರಲಿಲ್ಲ, ಜಗಳವಾಡಲು ಬರುತ್ತದಲ್ಲ ಎಂಬ ಖುಷಿಗೆ. ಆಮೇಲೆ ತನುಜಳಿಗೆ ಫೋನ್ ಮಾಡಿದಳು.

"ಅಕ್ಕಾ, ಕೇಳಿಸ್ಕೊಳೇ, ಹೆಂಗೆ ಮಾತಾಡ್ತಿದೀನಿ!"

ಆ ಕಡೆ ಉಸಿರು ಮಾತ್ರ. "ಲಾ... ಲಾ... ಲಾವ..." ಫೋನು ಕಟ್ಟಾಯಿತು.

ಮಾರನೇ ದಿನ ಮುಸ್ಸಂಜೆಗೆ ತನುಜ ಬಂದಳು. ಬಾಯಿಗೆ ಸೆರಗು ಒತ್ತಿಕೊಂಡು, ಮಾತಿಲ್ಲದೆ, ಬಾಗಿಲ ಬಳಿ ಕುಸಿದಳು. ಕರೆಂಟು ಹೋಗಿತ್ತು. ಲಾವಣ್ಯಳ ಕೈ ಗುಳ್ಳೆಯೆದ್ದು ಉರಿಯುತ್ತಿತ್ತು. ಕೊಟ್ಟ ಮುಲಾಮು ಬಿಟ್ಟು ಬೇರೇನೂ ಹಚ್ಚಬೇಡಿ ಎಂದು ಕ್ಲಿನಿಕ್ಕಿನಲ್ಲಿ ಹೇಳಿದ್ದರು. ಆದರೆ ಆ ಮನೆಯಲ್ಲಿ ಸುಟ್ಟ ಗಾಯವೆಂದರೆ ಪೆದ್ದಮ್ಮನ ಅರಿಶಿನದ ಕೈಮದ್ದೇ. ಮಾಟವನ್ನು ನಂಬದ ಲಾವಣ್ಯ ಪೆದ್ದಮ್ಮನನ್ನು ನಂಬುತ್ತಿದ್ದಳು. ಕೈ ಚಾಚಿದಳು.

ತಣ್ಣಗಿನ ಲೇಪ. ಹಾಯೆನಿಸಿತು. ಆಮೇಲೆ ವಾಸನೆ ಬಂತು. ಆರಿಸಿದ ಹರಳೆಣ್ಣೆ ದೀಪ.

ಮೊಬೈಲಿನ ಬೆಳಕು ಹಾಯಿಸಿ ನೋಡಿದಳು. ಅರಿಶಿನವಲ್ಲ. ಕಾಡಿಗೆಯಂಥ ಕಪ್ಪು.

"ಪೆದ್ದಮ್ಮ, ಏನಿದು?"

"ಅವತ್ತು ನಿನ್ನ ಹಚ್ಚೆಗೆ ಮಾಡಿದ್ರಲ್ಲಿ ಉಳಿದಿತ್ತು ಕಣಮ್ಮ." ಪೆದ್ದಮ್ಮನ ಬೆರಳುಗಳು ಮಣಿಕಟ್ಟನ್ನು ಬಿಗಿಹಿಡಿದವು. "ದಾಯಾದಿಗಳು ತನುಜಂಗೆ ಬಾಯಿಕಟ್ಟು ಮಾಡ್ಸಿದ್ರು. ಕೂಸು ಮೂಗಿ ಆಗೋಗಿತ್ತು. ತೆಗೆಯೋಕಾಗಲ್ಲ, ಬೇರೆ ಮೈಗೆ ದಾಟಿಸ್ಬೋದು ಅಂದ ಮಂತ್ರವಾದಿ. ಮನೇಲಿದ್ದ ಇನ್ನೊಂದು ಕೂಸು ನೀನೇ."

"ನಾನೂ ನಿನ್ನ ಮಗಳೇ ಅಂತ ನೀನೇ ಹೇಳ್ತಿದ್ದೆ!"

"ಅದಕ್ಕೇ ಬಿಚ್ಚಬೇಡ ಅಂದೆ. ನನ್ನ ಮಾತು ಕೇಳಿದ್ರೆ ತೊದಲಲ್ಲೇ ಮುಗೀತಿತ್ತು."

ಚರ್ಮದಡಿ ಏನೋ ಕದಲಿತು. ಕಾಲುಗಳು. ಸಣ್ಣ ಸಣ್ಣ ಕಾಲುಗಳು. ಮೊಣಕೈ ದಾಟಿತು. ತೋಳು. ಭುಜ. ಕೊರಳು. ಕಿವಿಯ ಹಿಂದೆ ಪರಪರ ಕೆರೆತ. ಗಂಟಲಿಗಿಳಿಯಿತು. ಕೂಗಬೇಕು. ಬಾಯಿ ತೆರೆದಳು. ಸದ್ದಿಲ್ಲ. ನಾಲಿಗೆಯ ಬುಡದಲ್ಲಿ ಒಂದು ಕುಟುಕು. ಉರಿ. ನಾಲಿಗೆ ಕಲ್ಲಾಯಿತು.

ಬಾಗಿಲ ಕಡೆ ನೋಡಿದಳು. ಅಕ್ಕ ಇದ್ದಾಳೆ. ಬರುತ್ತಾಳೆ. ಬಿಡಿಸುತ್ತಾಳೆ.

ತನುಜ ಎದ್ದಳು. ಬಂದಳು. ಪಕ್ಕದಲ್ಲಿ ಕೂತು ಲಾವಣ್ಯಳ ಬಲಗೈಯನ್ನು ಹಿಡಿದು ನೆಲಕ್ಕೆ ಅದುಮಿದಳು.

"ಇನ್ನೊಂಚೂರು ಹಚ್ಚಮ್ಮಾ," ಎಂದಳು. ಎಲ್ಲೂ ತಡವರಿಸದೆ.

ಈಗ ಚೇಳು ಮೊದಲಿಗಿಂತ ಕಪ್ಪಗಿದೆ. ನವಿಲುಗರಿ ಬರೆಸಲಿಲ್ಲ. ಲಾವಣ್ಯ ಅದೇ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾಳೆ, ಅಲ್ಲಿಗೆ ಬರುವ ಮದುವೆ ವೀಡಿಯೋಗಳಲ್ಲಿ ತನುಜ ಮಾತಾಡುತ್ತಾಳೆ. ಲಾವಣ್ಯಳಿಗೆ ಮಾತಿಲ್ಲ.